ಸಂಜೆರಾಯನ ಕೋರೆಹಲ್ಲು

ರಕ್ತ ಕುಡಿದು ಬದುಕಿದವನಿಗೆ ಮದುವೆ ಮಾಡಬಹುದೇ, ಕೂಡದೇ? ಮನುಷ್ಯಕುಲ ಈ ಪ್ರಶ್ನೆಯನ್ನು ಇಷ್ಟು ಕಾಲ ಉದಾಸೀನ ಮಾಡಿಕೊಂಡು ಬಂದದ್ದು ಹೇಗೆ ಎಂಬುದೇ ಆಶ್ಚರ್ಯ. ಆ ಲೋಪವನ್ನು ಸರಿಪಡಿಸುವ ಹೊಣೆಯನ್ನು ಕೊನೆಗೂ ಹೊತ್ತುಕೊಂಡದ್ದು ಒಂದು ಅಭಿಮಾನಿ ಬಳಗ. ಸಭೆ ಸೇರಿದ್ದು ಹಲ್ಲು ಕಟ್ಟುವ ಕಾರ್ಖಾನೆಯೊಂದರ ಹಿಂದಿನ ಕೋಣೆಯಲ್ಲಿ. ಪ್ರತಿವಾದಿ ಸಭೆಗೆ ಬಂದಿರಲಿಲ್ಲ. ಅವನು ಟಿವಿಯಲ್ಲಿದ್ದ.

ವಾರಕ್ಕೊಮ್ಮೆ ಬರುವ ಧಾರಾವಾಹಿಯೊಂದರ ನಾಯಕ ಅವನು, ರಕ್ತಪಿಶಾಚಿ. ವಯಸ್ಸು ಮುನ್ನೂರು ದಾಟಿದ್ದರೂ ನೋಡಲು ಮೂವತ್ತರ ಆಚೆ ಒಂದು ದಿನ ಹೆಚ್ಚಿಲ್ಲ. ಹಳೆಯ ವಸ್ತುಸಂಗ್ರಹಾಲಯವೊಂದರಲ್ಲಿ ಕಾವಲು ಕೆಲಸ. ಕಾಯುವುದಕ್ಕಿಂತ ಹೆಚ್ಚಾಗಿ ಕಿಟಕಿಗೆ ಬೆನ್ನು ಕೊಟ್ಟು ನಿಂತು ನಿಟ್ಟುಸಿರು ಬಿಡುತ್ತಾನೆ. ಹೊತ್ತು ಮುಳುಗಿದ ಮೇಲೆ ಮಾತ್ರ ಹೊರಬರುವುದರಿಂದ ಅಭಿಮಾನಿಗಳು ಅವನಿಗೆ ಸಂಜೆರಾಯ ಎಂದು ಹೆಸರಿಟ್ಟಿದ್ದರು. ಸಂಗ್ರಹಾಲಯದ ಹಳೆ ದೀಪಗಳನ್ನು ರಿಪೇರಿ ಮಾಡಲು ಬರುವ ನಾಯಕಿಗೆ ದೀಪದ ಹುಡುಗಿ ಎಂದು. ಮೊದಲ ಸಂಚಿಕೆಯಲ್ಲೇ ಒಂದು ನೆರಳು ಬಾಗುತ್ತದೆ, ದೀಪ ಆರುತ್ತದೆ, ಮತ್ತೆ ಬೆಳಕಾದಾಗ ಒಬ್ಬ ಯುವಕ ಬಿದ್ದಿರುತ್ತಾನೆ; ಕುತ್ತಿಗೆಯಲ್ಲಿ ಎರಡು ತೂತು. ಆ ಕುತ್ತಿಗೆ ದೀಪದ ಹುಡುಗಿಯ ಅಣ್ಣನದು. ಕೊಂದವರು ಯಾರೆಂದು ಅವಳಿಗೆ ಗೊತ್ತಿಲ್ಲ. ಗೊತ್ತಿಲ್ಲದೆ ಸಂಜೆರಾಯನನ್ನು ಪ್ರೀತಿಸುತ್ತಾಳೆ. ಅವನೂ ಪ್ರೀತಿಸುತ್ತಾನೆ, ರಕ್ತ ಬಿಡುತ್ತಾನೆ, ಒಣಗಿ ಕಡ್ಡಿಯಾಗುತ್ತಾನೆ, ಉರಿಯುವ ಮನೆಗಳೊಳಗೆ ನುಗ್ಗಿ ಮಕ್ಕಳನ್ನು ಎತ್ತಿಕೊಂಡು ಬರುತ್ತಾನೆ. ಕೊನೆಯದಕ್ಕಿಂತ ಹಿಂದಿನ ಸಂಚಿಕೆಯಲ್ಲಿ ಮಂಡಿಯೂರಿ, ‘ನಿನ್ನ ಅಣ್ಣನನ್ನು ಕೊಂದವನು ನಾನೇ’ ಎಂದು ಹೇಳಿ, ಆದರೂ ನನ್ನನ್ನು ಮದುವೆಯಾಗುತ್ತೀಯಾ ಎಂದು ಕೇಳಿಬಿಡುತ್ತಾನೆ.

ಅವಳ ಉತ್ತರಕ್ಕೆ ಒಂದು ತಿಂಗಳು ಕಾಯಿರಿ ಎಂದರು ಟಿವಿಯವರು. ಒಂದು ತಿಂಗಳಲ್ಲಿ ಬೇಕಾದಷ್ಟು ಮನೆ ಒಡೆಯಬಹುದು. ಒಡೆದ ಮನೆಗಳಲ್ಲಿ ಒಂದು ಅಕ್ಕನದು.

ಅಕ್ಕ ಎಂದರೆ ಹಲ್ಲು ಕಟ್ಟುವ ಕಾರ್ಖಾನೆಯಲ್ಲಿ ಮೇಣದ ಮೇಜಿನ ಮುಖ್ಯಸ್ಥೆ. ದಂತವೈದ್ಯರು ರೋಗಿಗಳ ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ಅಚ್ಚಿಗೆ ಗಚ್ಚು ಸುರಿದರೆ ದವಡೆ ಎದ್ದು ಬರುತ್ತದೆ. ದವಡೆಯ ಮೇಲೆ ಮೇಣದಲ್ಲಿ ಒಸಡು ತಿದ್ದಿ, ಒಸಡಿನಲ್ಲಿ ಒಂದೊಂದೇ ಹಲ್ಲು ಕೂರಿಸುವವಳು ಅವಳು. ಅವಳಿಗಿಂತ ದೊಡ್ಡವನಾದ, ಹಲ್ಲಿಗೆ ಹೊಳಪು ಕೊಡುವ ಪಾಲಿಶಣ್ಣ ಕೂಡ ಅವಳನ್ನು ಅಕ್ಕ ಎಂದೇ ಕರೆಯುವುದು. ಬಸ್ಸಿನಲ್ಲಿ ಯಾರಾದರೂ ನಕ್ಕರೆ ಅಕ್ಕ ಮುಖ ನೋಡುವುದಿಲ್ಲ. ಹಿಂದಿನ ದವಡೆಹಲ್ಲಿನ ತನಕ ಕಣ್ಣು ಹಾಯಿಸಿ, ಈ ಮನುಷ್ಯ ಎಡಗಡೆ ಮಾತ್ರ ಅಗಿಯುತ್ತಾನೆ ಎಂದು ತೀರ್ಮಾನಿಸಿ ಇಳಿದು ಹೋಗುತ್ತಾಳೆ.

ಅವಳಿಗೆ ಮದುವೆಯಾಗಿಲ್ಲ. ಜೊತೆಗಿರುವವಳು ತಂಗಿ, ನಲವತ್ತಕ್ಕೆ ಹತ್ತಿರ. ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು, ಯಾವ ಬಸ್ಸು ಎಲ್ಲಿಂದ ಹೊರಡುತ್ತದೆ, ಯಾವುದು ತಡ ಎಂದು ಹೇಳುವುದು ಅವಳ ಕೆಲಸ. ತಡ ಎಂದು ಅವಳು ಹೇಳಿದರೆ ಜನ ಬೈಯುವುದನ್ನೂ ಮರೆತು ಕೇಳುತ್ತಾರೆ, ಅಂಥ ದನಿ.

ಈ ದನಿಗೆ ಬಿದ್ದವನು ಲಿಫ್ಟಣ್ಣ, ಕಾರ್ಖಾನೆಯ ಕಟ್ಟಡದ ಲಿಫ್ಟು ನೋಡಿಕೊಳ್ಳುವ ಮೆಕ್ಯಾನಿಕ್. ಒಮ್ಮೆ ಅಕ್ಕನಿಗೆ ಊಟದ ಡಬ್ಬಿ ತಂದ ತಂಗಿ ಎರಡು ಮಹಡಿಗಳ ನಡುವೆ ಲಿಫ್ಟಿನಲ್ಲಿ ಸಿಕ್ಕಿಕೊಂಡಳು. ಮೇಲಿನಿಂದ ಲಿಫ್ಟಣ್ಣ, “ಗಾಬರಿಯಾಗ್ಬೇಡಿ, ಐದು ನಿಮಿಷ” ಎಂದು ಕೂಗಿದ. ಕೆಳಗಿನಿಂದ ವೃತ್ತಿಪರ ಸಲಹೆ ಬಂತು: “ಐದು ನಿಮಿಷ ಅನ್ಬೇಡಿ, ಗಡಿಯಾರ ನೋಡ್ತಾ ಕೂರ್ತಾರೆ. ಸ್ವಲ್ಪ ಹೊತ್ತು ಅನ್ನಿ.” ಕೆಲವು ತಿಂಗಳ ಮೇಲೆ ಅವನು ಧೈರ್ಯ ಮಾಡಿ, ನಾವಿಬ್ಬರೂ ಮದುವೆಯಾಗೋಣವೇ ಎಂದು ಕೇಳಿದ. ತಂಗಿ, “ಸ್ವಲ್ಪ ಹೊತ್ತು” ಎಂದಳು. ಅದಾಗಿ ವರ್ಷ ಕಳೆದಿತ್ತು. ಈಚೆಗೆ, ಧಾರಾವಾಹಿ ಮುಗಿಯಲಿ ಎನ್ನತೊಡಗಿದ್ದಳು. ಎಲ್ಲರೂ ಅದನ್ನು ತಮಾಷೆ ಎಂದುಕೊಂಡರು. ಲಿಫ್ಟಣ್ಣನೊಬ್ಬ ಧಾರಾವಾಹಿ ನೋಡಲು ಶುರುಮಾಡಿದ, ಅಕ್ಕ ತಂಗಿಯರಿದ್ದ ಅಭಿಮಾನಿ ಬಳಗಕ್ಕೂ ಸೇರಿದ.

ಸಂಜೆರಾಯ ಮಂಡಿಯೂರಿದ ದಿನ ಅಕ್ಕ ತಂಗಿಯರಿಬ್ಬರೂ ಎಂದಿನಂತೆ ಒಂದೇ ಸೋಫಾದಲ್ಲಿ, ಒಂದೇ ಬಿಸ್ಕತ್ತಿನ ಪೊಟ್ಟಣಕ್ಕೆ ಕೈ ಹಾಕುತ್ತ ಕೂತಿದ್ದರು.

“ಅಬ್ಬಾ, ಹೇಳ್ಬಿಟ್ಟ,” ಎಂದಳು ತಂಗಿ, ದಿಂಬು ತಬ್ಬಿಕೊಂಡು.

“ಹೇಳಿದ್ರೆ? ಸತ್ತವನು ಎದ್ದು ಬಂದ್ನಾ?”

“ಈಗ ಬದಲಾಗಿದಾನಲ್ಲಕ್ಕ.”

“ಬದಲಾಗದೆ ಏನ್ಮಾಡ್ತಾನೆ, ಮುನ್ನೂರು ವರ್ಷ ಆಯ್ತು. ಇಷ್ಟು ಹೊತ್ತಿಗೆ ಗೋಡೆ ಕೂಡ ಬದಲಾಗಿರುತ್ತೆ.”

“ಆ ಹುಡುಗಿ ಹೂಂ ಅಂದ್ರೆ?”

“ಏನ್ ಹೂಂ?” ಅಕ್ಕ ಬಿಸ್ಕತ್ತನ್ನು ಕಚಕ್ಕನೆ ಮುರಿದಳು. “ಒಬ್ಬರ ಬದುಕು ಹೀರ್ಕೊಂಡು ಕೂತವರಿಗೆ ಮದುವೆ ಬೇರೆ ಕೇಡು!”

ತಂಗಿ ದಿಂಬು ಕೆಳಗಿಟ್ಟಳು. ಟಿವಿ ಆರಿಸಿದಳು. ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು, ಸದ್ದಾಗದ ಹಾಗೆ. ಸದ್ದು ಮಾಡಿ ಹಾಕಿದ್ದರೆ ಅಕ್ಕನಿಗೆ ಚಿಂತೆಯಾಗುತ್ತಿರಲಿಲ್ಲ.

ಅಲ್ಲಿಂದ ಮಾತು ನಿಂತಿತು. ಗ್ಯಾಸ್ ಮುಗಿದಿದೆ ಎಂಬುದನ್ನು ತಂಗಿ ಗೋಡೆಗೆ ಹೇಳಿದಳು. ನಾಳೆ ಬರುತ್ತದೆ ಎಂದು ಅಕ್ಕ ಫ್ರಿಜ್ಜಿಗೆ ಹೇಳಿದಳು. ಕೆಲಸ ಮುಗಿಸಿ ಅಕ್ಕ ನೇರ ಮನೆಗೆ ಹೋಗುವುದನ್ನು ಬಿಟ್ಟು ಬಸ್ ನಿಲ್ದಾಣಕ್ಕೆ ಹೋಗಿ, ಎಲ್ಲಿಗೂ ಹೋಗದವಳು ಕಲ್ಲುಬೆಂಚಿನ ಮೇಲೆ ಕೂರತೊಡಗಿದಳು. ಮೇಲಿನ ಸ್ಪೀಕರಿನಿಂದ ತಂಗಿ ಊರಿನವರಿಗೆಲ್ಲ ದಯವಿಟ್ಟು ಗಮನಿಸಿ ಎನ್ನುತ್ತಿದ್ದಳು. ಅಕ್ಕ ಗಮನಿಸುತ್ತಿದ್ದಳು. ಹಾಗಾದರೂ ದಿನಕ್ಕೆ ನಾಲ್ಕು ಮಾತು ಕಿವಿಗೆ ಬೀಳಲಿ ಎಂದು.

ಇಲ್ಲಿ ಹಳೆಯದೊಂದನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಅಕ್ಕನಿಗೂ ಒಂದು ಕಾಲದಲ್ಲಿ ಮದುವೆ ಗೊತ್ತಾಗಿತ್ತು. ಹುಡುಗನಿಗೆ ಕನ್ನಡಕದ ಅಂಗಡಿ. ಒಂದು ದಿನ ಅಕ್ಕ ಮನೆಯಲ್ಲಿ ಇಲ್ಲದಾಗ ಅವನು ಬಂದ. ಕಾಲೇಜು ಓದುತ್ತಿದ್ದ ತಂಗಿ ಅವನಿಗೆ ಚಹಾ ಕೊಟ್ಟು, “ಅಕ್ಕನಿಗೆ ಈ ಮದುವೆ ಮನಸ್ಸಿಲ್ಲ, ಅಪ್ಪನ ಮಾತಿಗೆ ಕಟ್ಟುಬಿದ್ದು ಒಪ್ಪಿದಾಳೆ” ಎಂದಳು. ಶುದ್ಧ ಸುಳ್ಳು. ಹುಡುಗ ಸಭ್ಯ, ಚಹಾ ಮುಗಿಸಿ, ಲೋಟ ತಾನೇ ತೊಳೆದಿಟ್ಟು, ಮತ್ತೆ ಬರಲಿಲ್ಲ. ನಡೆದದ್ದು ಆಮೇಲೆ ಮನೆಗೆಲ್ಲ ಗೊತ್ತಾಯಿತು. ತಂಗಿ ನಡುಗುತ್ತ ನಿಂತಳು. ಅಕ್ಕ ಅವಳನ್ನು ಹತ್ತಿರ ಎಳೆದುಕೊಂಡು, “ಇವಳದೇನು ತಪ್ಪು? ಮಗು. ಒಂದು ಮಾತಿಗೆ ಓಡಿಹೋದ ಅವನೇ ಸರಿಯಿಲ್ಲ” ಎಂದು ತೀರ್ಪು ಕೊಟ್ಟಳು. ಮೊದಲೇ ಕಾಯಿಲೆಯಲ್ಲಿದ್ದ ಅಪ್ಪ ಆಮೇಲೆ ಹಾಸಿಗೆ ಹಿಡಿದರು. ಬಹಳ ವರ್ಷ ಅಕ್ಕ ನೋಡಿಕೊಂಡಳು. ಬೇರೆ ಸಂಬಂಧ ಕೂಡಿಬರಲಿಲ್ಲ. ತಂಗಿ ಆ ವಿಷಯ ಎತ್ತಲು ಹೋದಾಗಲೆಲ್ಲ ಅಕ್ಕನ ಬಾಯಲ್ಲಿ ಅದೇ ತೀರ್ಪು: ಅವನೇ ಸರಿಯಿಲ್ಲ. ಇದಕ್ಕಿಂತ ದೊಡ್ಡ ಉಪಕಾರವಿಲ್ಲ ಎಂದು ಅಕ್ಕ ನಂಬಿದ್ದಳು.

ಬಳಗದ ಸಭೆಗೆ ಇನ್ನೂ ಒಂದು ವಾರವಿದ್ದಾಗ, ಕಾರ್ಖಾನೆಯ ಮಹಡಿಯಲ್ಲಿ ಲಿಫ್ಟಿನ ಬಾಗಿಲು ಬಿಚ್ಚಿಟ್ಟುಕೊಂಡು ಕೂತಿದ್ದ ಲಿಫ್ಟಣ್ಣ ಅಕ್ಕನನ್ನು ತಡೆದ. ಕೈಯಲ್ಲಿದ್ದ ಸ್ಪ್ಯಾನರನ್ನು ಸುಮ್ಮನೆ ತಿರುಗಿಸುತ್ತಿದ್ದ.

“ಅಕ್ಕಾ, ಅವರು ಬೇಡ ಅಂತಾರೇನೋ ಅನ್ಸುತ್ತೆ.”

“ನಿನ್ನನ್ನಾ?”

“ನನ್ನನ್ನ ಅಲ್ವಂತೆ. ಮದುವೆನೇ ಬೇಡವಂತೆ. ‘ಒಬ್ಬರ ಬದುಕು ಹೀರ್ಕೊಂಡು ಕೂತವರಿಗೆ ಮದುವೆ ಬೇರೆ ಕೇಡು’ ಅಂದ್ರು. ಹಾಗಂದ್ರೇನಕ್ಕಾ? ಅವರು ಯಾರ ಬದುಕು ಹೀರಿದಾರೆ? ಬಸ್ಸು ತಡ ಆಗಿದ್ದಕ್ಕೆ ಅವರೇನ್ಮಾಡ್ತಾರೆ?”

ಅಕ್ಕ ಬಿಚ್ಚಿಟ್ಟ ಲಿಫ್ಟಿನ ಬಾಗಿಲನ್ನೇ ನೋಡಿದಳು.

“ಭಾನುವಾರ ಸಭೆ ಆದ್ಮೇಲೆ ಪಕ್ಕಾ ಹೇಳ್ತೀನಿ ಅಂದಿದಾರೆ. ನಮ್ಮ ಕಂಪನಿಯವರು ಬೇರೆ ಊರಿಗೆ ಹೋಗ್ತೀಯಾ ಅಂತ ಕೇಳ್ತಿದಾರೆ. ಬೇಡ ಅಂದ್ರೆ ಹೋಗ್ಬಿಡ್ತೀನಿ. ದಿನಾ ಆ ನಿಲ್ದಾಣದ ಮುಂದೆ ಹೋಗಿ, ಆ ದನಿ ಕೇಳ್ಕೊಂಡು… ಆಗಲ್ಲ ಅಕ್ಕಾ.”

ಆಗುತ್ತೆ, ನಾನೂ ಅದನ್ನೇ ಮಾಡ್ತಿದೀನಿ ಎಂದು ಅಕ್ಕ ಹೇಳಬಹುದಿತ್ತು. ತನ್ನ ಬಾಯಿಂದ ಬಂದ ಮಾತು ಇನ್ನೊಂದು ಬಾಯಿಗೆ ಹೋಗಿ ಅಷ್ಟು ಸರಿಯಾಗಿ ಕೂತಿದ್ದನ್ನು ನೋಡಿ ಅವಳಿಗೆ ದಿಗಿಲಾಗಿತ್ತು. ಬೇರೆ ಯಾರೇ ಆಗಿದ್ದರೂ ಆ ಕ್ಷಣವೇ ನಿಲ್ದಾಣಕ್ಕೆ ಹೋಗಿ, ‘ನಿನಗೆ ಹೇಳಿದ್ದಲ್ಲ ಕಣೆ ಅದು’ ಎಂದು ಮುಗಿಸುತ್ತಿದ್ದರು. ಅಕ್ಕನಿಗೆ ಹೊಳೆದದ್ದು ಬೇರೆ. ಸಂಜೆರಾಯನನ್ನು ಬೈದ ಮಾತು ತಂಗಿಗೆ ತಗುಲಿದೆ. ಸಂಜೆರಾಯನೇ ನಿರಪರಾಧಿ ಎಂದಾದರೆ ಮಾತು ತಾನಾಗಿ ಬಿದ್ದುಹೋಗುತ್ತದೆ. ಆದ್ದರಿಂದ ಮೊದಲು ಅವನನ್ನು ಬಿಡಿಸಬೇಕು. ಹೇಗೆ ಎಂದು ಅವಳು ಹೆಚ್ಚು ಯೋಚಿಸಲಿಲ್ಲ. ಕುತ್ತಿಗೆಯ ಮೇಲೆ ಹಲ್ಲಿನ ಗುರುತಿದೆ. ಗುರುತಿದ್ದ ಮೇಲೆ ಬಾಯಿ ಯಾರದೆಂದು ಗೊತ್ತಾಗಲೇಬೇಕು.

ಆ ವಾರ ಊಟದ ಬಿಡುವಿನಲ್ಲೆಲ್ಲ ಅಕ್ಕ ಫೋನಿನಲ್ಲಿ ಧಾರಾವಾಹಿಯನ್ನು ನಿಲ್ಲಿಸಿ ನಿಲ್ಲಿಸಿ ನೋಡಿದಳು. ಸಂಜೆರಾಯ ಬಾಯಿ ತುಂಬ ನಕ್ಕದ್ದು ಇಡೀ ಧಾರಾವಾಹಿಯಲ್ಲಿ ಒಂದೇ ಸಲ, ದೀಪದ ಹುಡುಗಿ ಏಣಿಯಿಂದ ಅವನ ಮೇಲೆ ಬಿದ್ದಾಗ. ಅಲ್ಲಿ ನಿಲ್ಲಿಸಿ, ಅವನ ಅಂಗಿಯ ಗುಂಡಿಯನ್ನು ಅಳತೆಗೆ ಹಿಡಿದು, ಮೇಣದಲ್ಲಿ ಅವನ ಮೇಲ್ದವಡೆ ತಿದ್ದಿದಳು. ಪಾಲಿಶಣ್ಣ ಪಕ್ಕದಲ್ಲಿ ನಿಂತು ನೋಡಿದ. ಅವನಿಗೆ ಈ ಧಾರಾವಾಹಿಯ ಮೇಲೆ ಇದ್ದ ಆಕ್ಷೇಪ ಒಂದೇ, ಅದನ್ನು ಬಳಗದ ಪ್ರತಿ ಸಭೆಯಲ್ಲೂ ಎತ್ತುತ್ತಿದ್ದ: ಮುನ್ನೂರು ವರ್ಷದವನ ಒಸಡು ಹೀಗಿರುವುದಿಲ್ಲ.

“ಯಾವ ಡಾಕ್ಟರ್ ಕಳಿಸಿದ ಕೇಸು ಇದು?” ಎಂದು ಕೇಳಿದ.

“ಸುಮ್ನಿರಣ್ಣ.”

“ಕೋರೆಹಲ್ಲು ಇಷ್ಟುದ್ದ ಯಾಕೆ? ಬಾಯಿ ಮುಚ್ಚೋಕಾಗುತ್ತಾ ಇವನಿಗೆ?”

“ಅದಕ್ಕೇ ಅವನು ಸದಾ ಗಂಭೀರವಾಗಿರೋದು. ಆ ಜಿಗುಟು ಮಣ್ಣು ಕೊಡು ಇಲ್ಲಿ, ಕುತ್ತಿಗೆ ಮಾಡ್ಬೇಕು.”

ಕುತ್ತಿಗೆಯೂ ಆಯಿತು. ಅಣ್ಣನ ಕುತ್ತಿಗೆಯ ಎರಡು ತೂತುಗಳನ್ನು ಅದೇ ಅಳತೆಯಲ್ಲಿ ಗುರುತಿಸಿದಳು. ದವಡೆಯನ್ನು ಕುತ್ತಿಗೆಗೆ ಹಿಡಿದಳು. ಕೂರಲಿಲ್ಲ. ತೂತುಗಳು ದೂರ ದೂರ, ಹಲ್ಲುಗಳು ಹತ್ತಿರ ಹತ್ತಿರ. ಓರೆ ಮಾಡಿ ಹಿಡಿದರೂ ಇಲ್ಲ, ತಲೆಕೆಳಗೆ ಹಿಡಿದರೂ ಇಲ್ಲ. ಅಕ್ಕನ ಮುಖ ಅರಳಿತು. ತಾನು ಕಟ್ಟಿದ ಹಲ್ಲು ರೋಗಿಯ ಬಾಯಿಗೆ ಕೂರದಿದ್ದರೆ ಇಡೀ ಜೀವನ ತಲೆ ಚಚ್ಚಿಕೊಂಡವಳು, ಈ ಒಂದು ಸಲ ಸಂತೋಷಪಟ್ಟಳು.

ಭಾನುವಾರ ಮಧ್ಯಾಹ್ನ ಬಳಗ ಸೇರಿತು. ಅಧ್ಯಕ್ಷತೆ ನಿವೃತ್ತ ಲೈಬ್ರರಿ ಮೇಡಂ ಅವರದು. ಪಿಸುಮಾತು ಎಲ್ಲಿಂದ ಬಂತೆಂದು ಕಣ್ಣು ಮುಚ್ಚಿಕೊಂಡೂ ಹೇಳಬಲ್ಲವರು. ಬಳಗದ ಕಟ್ಟಳೆ ಕಟ್ಟುನಿಟ್ಟು: ಕಾರ್ಖಾನೆಯಲ್ಲಿ ಯಾರೂ ಕೇಳದೆ ಉಳಿದ ಒಂದು ಗಚ್ಚಿನ ದವಡೆ ಕೈಯಿಂದ ಕೈಗೆ ಹೋಗುತ್ತದೆ, ಅದು ಯಾರ ಕೈಯಲ್ಲಿದೆಯೋ ಅವರಿಗಷ್ಟೇ ಮಾತು. ಉಳಿದವರು ಬಾಯಿ ತೆರೆದರೆ ಎಲ್ಲರಿಗೂ ಚಹಾ ಅವರೇ ಮಾಡಬೇಕು. ತಂಗಿ ಕಿಟಕಿಯ ಹತ್ತಿರ ಕೂತಿದ್ದಳು, ಅಕ್ಕ ಗೋಡೆಯ ಹತ್ತಿರ. ಲಿಫ್ಟಣ್ಣ ಬಾಗಿಲ ಬಳಿ, ಹತಾರದ ಚೀಲ ತೊಡೆಯ ಮೇಲಿಟ್ಟುಕೊಂಡು, ರೈಲು ಹಿಡಿಯಬೇಕಾದವನ ಹಾಗೆ.

“ವಿಷಯ ಒಂದೇ,” ಎಂದರು ಮೇಡಂ. “ಸಂಜೆರಾಯನಿಗೆ ಕ್ಷಮೆ ಉಂಟೋ ಇಲ್ಲವೋ. ಉಂಟಾದರೆ ಮದುವೆ ಉಂಟೋ ಇಲ್ಲವೋ. ಮೊದಲು ಅಕ್ಕ ಮಾತಾಡ್ತಾರೆ. ಎಂದಿನ ಹಾಗೆ ವಿರೋಧವಾಗಿ.”

“ಇಲ್ಲ ಮೇಡಂ,” ಎಂದಳು ಅಕ್ಕ. “ಈ ಸಲ ಪರವಾಗಿ.”

ಕೋಣೆಯಲ್ಲಿ ಗುಜುಗುಜು ಎದ್ದಿತು. ತಂಗಿ ಕಿಟಕಿಯಿಂದ ಈ ಕಡೆ ತಿರುಗಿದಳು.

ಅಕ್ಕ ತಟ್ಟೆಯ ಮೇಲಿನ ಬಟ್ಟೆ ಸರಿಸಿದಳು. ಒಂದು ದವಡೆ, ಒಂದು ಕುತ್ತಿಗೆ. ಮುಂದಿನ ಸಾಲಿನವರೊಬ್ಬರು ಕುರ್ಚಿ ಹಿಂದಕ್ಕೆಳೆದರು. ಅಕ್ಕ ಅಳತೆ ಹೇಳಿದಳು, ಓರೆ ತೋರಿಸಿದಳು, ದವಡೆಯನ್ನು ಕುತ್ತಿಗೆಗೆ ಹಿಡಿದು ಕೂರುವುದಿಲ್ಲವೆಂದು ಎಲ್ಲರಿಗೂ ಕಾಣಿಸಿದಳು.

“ಕಚ್ಚಿದವನು ಇವನಲ್ಲ. ಇವನ ಬಾಯಲ್ಲಿ ಆ ಗುರುತು ಬರೋಕೆ ಸಾಧ್ಯನೇ ಇಲ್ಲ. ಇವನು ಏನೂ ಮಾಡಿಲ್ಲ. ಸುಮ್ನೆ ತಲೆ ಮೇಲೆ ಹೊತ್ಕೊಂಡಿದಾನೆ.” ಕೊನೆಯ ಮಾತನ್ನು ಅವಳು ಕಿಟಕಿಯ ಕಡೆ ನೋಡಿ ಹೇಳಿದಳು. “ಹಾಗಾಗಿ ಮದುವೆ ಆಗ್ಬಹುದು. ಧಾರಾಳವಾಗಿ ಆಗ್ಬಹುದು.”

“ಮತ್ತೆ ತಾನೇ ಕೊಂದೆ ಅಂತ ಹೇಳಿದ್ನಲ್ಲ?” ಎಂದು ಕೇಳಿದವರು ಮೇಡಂ. ಅಧ್ಯಕ್ಷರಾದ್ದರಿಂದ ಅವರಿಗೆ ಮಾತಾಡಲು ದವಡೆ ಬೇಕಿರಲಿಲ್ಲ.

“ಬಾಯಿ ಸುಳ್ಳು ಹೇಳುತ್ತೆ ಮೇಡಂ. ಹಲ್ಲು ಹೇಳಲ್ಲ.”

“ಹಾಗಾದ್ರೆ ಕಚ್ಚಿದ್ದು ಯಾರು?”

“ಮೇಕಪ್ಪಿನವನು,” ಎಂದ ಪಾಲಿಶಣ್ಣ. ಅವನಿಗೆ ಚಹಾ ಮಾಡುವ ಶಿಕ್ಷೆಯಾಯಿತು.

ಕೋಣೆ ಎರಡಾಯಿತು. ನಿರಪರಾಧಿ ಎಂದಾದ ಮೇಲೆ ಇನ್ನೇನು, ಮುಹೂರ್ತ ಇಡಿ ಎಂದವರು ಕೆಲವರು. ಹಲ್ಲಿನ ಲೆಕ್ಕದಲ್ಲಿ ಕಥೆ ನಡೆಯುವುದಿಲ್ಲ ಎಂದವರು ಕೆಲವರು. ಗಚ್ಚಿನ ದವಡೆ ಕೈಯಿಂದ ಕೈಗೆ ಓಡಾಡಿತು. ಅಷ್ಟರಲ್ಲಿ ತಂಗಿ ಎದ್ದು ಬಂದು, ಯಾರನ್ನೂ ಕೇಳದೆ ಅದನ್ನು ತೆಗೆದುಕೊಂಡಳು. ಗದ್ದಲ ನಿಂತಿತು. ಬಸ್ ನಿಲ್ದಾಣವನ್ನೇ ಸುಮ್ಮನಾಗಿಸುವ ದನಿಗೆ ಒಂದು ಕೋಣೆ ಏನು ಮಹಾ.

“ಅಕ್ಕ ಹೇಳಿದ್ದು ನಿಜ ಆಗಿದ್ರೆ ಅವನು ಕಚ್ಚೇ ಇಲ್ಲ. ಹಾಗಾದ್ರೆ ಇಷ್ಟು ದಿನ ನಾವು ನೋಡಿದ್ದೇನು? ಅವನು ರಕ್ತ ಬಿಟ್ಟಿದ್ದು, ಒಣಗಿದ್ದು, ಬೆಂಕಿಗೆ ಹಾರಿದ್ದು, ಎಲ್ಲಾ ಯಾತಕ್ಕೆ? ಪೆದ್ದನ ಹಾಗೆ ಸುಮ್ನೆ ಅತ್ನಾ? ನೀನು ಅವನಿಗೆ ಉಪಕಾರ ಮಾಡ್ತಿಲ್ಲಕ್ಕ. ಅವನು ಮಾಡಿದ ಒಂದೇ ಒಂದು ನಿಜವಾದ ಕೆಲಸ ಅಂದ್ರೆ ಮಂಡಿಯೂರಿ ‘ನಾನೇ’ ಅಂದಿದ್ದು. ಆ ಮಾತನ್ನಾದ್ರೂ ಅವನ ಬಾಯಲ್ಲಿ ಬಿಡು. ಅದನ್ನೂ ಕಿತ್ತು ಬೇರೆ ಹಲ್ಲು ಕೂರಿಸ್ಬೇಡ.”

“ನಾನು ನಿನ್ನ ಒಳ್ಳೇದಕ್ಕೇ…” ಎಂದು ಅಕ್ಕ ಶುರುಮಾಡಿದಳು. ಮೇಡಂ ಬೆರಳೆತ್ತಿದರು, ದವಡೆ ತಂಗಿಯ ಕೈಯಲ್ಲಿತ್ತು.

“ನಾನೇ ಮಾಡಿದ್ದಕ್ಕ,” ಎಂದಳು ತಂಗಿ. ದನಿ ಈಗ ಮೈಕಿನದಾಗಿರಲಿಲ್ಲ. “ಮಗು ಆಗಿರ್ಲಿಲ್ಲ ನಾನು. ಬೇಕೂಂತಲೇ ಮಾಡಿದ್ದು. ನೀನು ಹೋದ್ರೆ ಅಪ್ಪನ ಜೊತೆ ನಾನೊಬ್ಬಳೇ ಸಿಕ್ಕಿಹಾಕ್ಕೋತೀನಿ ಅಂತ. ಚಹಾಕ್ಕೆ ಸಕ್ಕರೆ ಹಾಕ್ತಾ ಹಾಕ್ತಾ ಏನು ಹೇಳ್ಬೇಕು ಅಂತ ಜೋಡಿಸ್ಕೊಂಡೆ. ಅವನು ಒಳ್ಳೆಯವನು ಅಂತ ಗೊತ್ತಿತ್ತು, ಅದಕ್ಕೇ ಹೆದರಿಕೆ ಆಗಿದ್ದು.”

ಲೈಬ್ರರಿ ಮೇಡಂ ಕನ್ನಡಕ ಏರಿಸಿಕೊಂಡು ಸುತ್ತ ನೋಡಿದರು. “ಇದು ಯಾವ ಸಂಚಿಕೆಯಲ್ಲಿ ಬರುತ್ತೆ?”

“ಇದು ಪ್ರಸಾರ ಆಗಿಲ್ಲ ಮೇಡಂ,” ಎಂದ ಪಾಲಿಶಣ್ಣ, ಮೆಲ್ಲಗೆ. ಯಾರೂ ಅವನಿಗೆ ಎರಡನೇ ಶಿಕ್ಷೆ ಕೊಡಲಿಲ್ಲ.

ತಂಗಿ ದವಡೆಯನ್ನು ಅಕ್ಕನ ಕೈಯಲ್ಲಿಟ್ಟಳು.

ಅಕ್ಕನ ಬಾಯಿಗೆ ಮೊದಲು ಬಂದದ್ದು ಅದೇ ಹಳೆಯ ತೀರ್ಪು. “ಬಿಡೇ ಅದನ್ನ, ಅವನೇ ಸರಿ…”

ತಂಗಿ ಕಣ್ಣು ಮುಚ್ಚಿಕೊಂಡಳು. ಬಾಗಿಲು ಸದ್ದಿಲ್ಲದೆ ಹಾಕಿಕೊಂಡಂತೆ. ಅಕ್ಕ ಅದನ್ನು ಕಂಡಳು. ಬಹುಶಃ ಬಹಳ ವರ್ಷಗಳಲ್ಲಿ ಮೊದಲ ಸಲ ಒಬ್ಬರ ಹಲ್ಲು ಬಿಟ್ಟು ಮುಖ ನೋಡಿದಳು. ಮಾತು ಅರ್ಧಕ್ಕೆ ನಿಂತಿತು. ಹೊರಗೆ ಯಾರೋ ಮೆಟ್ಟಿಲು ಹತ್ತಿ, ತಪ್ಪು ಮಹಡಿ ಎಂದು ಇಳಿದು ಹೋದರು.

“ಸರಿಯಾಗಿದ್ದ,” ಎಂದಳು ಅಕ್ಕ. “ಅವನು ಸರಿಯಾಗೇ ಇದ್ದ. ಮುಂದಿನ ಹಲ್ಲು ಒಂದರ ಮೇಲೊಂದು ಸ್ವಲ್ಪ ಹತ್ತಿತ್ತು. ನಕ್ಕಾಗ ತುಟಿ ಅಲ್ಲಿ ಸಿಕ್ಕಿಕೊಳ್ತಿತ್ತು. ಅದನ್ನ ಸರಿ ಮಾಡಿಸ್ಕೋಬೇಡಿ ಅಂತ ಅವನಿಗೆ ಹೇಳ್ಬೇಕು ಅಂದ್ಕೊಂಡಿದ್ದೆ.”

ಅವಳು ಗಚ್ಚಿನ ದವಡೆಯನ್ನು ಇನ್ನೊಂದು ಕೈಗೆ ದಾಟಿಸಿದಳು.

“ಆಗ ನಿನ್ನ ಮೇಲೆ ಸಿಟ್ಟು ಬಂದಿತ್ತು. ಸಾಯಿಸ್ಬೇಕು ಅನ್ನೋ ಅಷ್ಟು. ಮೇಣ ಕಾಯಿಸೋ ದೀಪದಲ್ಲಿ ಕೈ ಸುಟ್ಕೊಂಡೆ ಆ ವಾರ, ಎಲ್ಲರಿಗೂ ಜಾರಿತು ಅಂದೆ. ನೀನು ಎದುರಿಗೆ ನಡುಗ್ತಾ ನಿಂತಿದ್ದೆ. ಸಿಟ್ಟು ಮಾಡಿದ್ರೆ ನನಗೆ ಯಾರೂ ಉಳಿಯಲ್ಲ ಅನ್ನಿಸ್ತು. ಅದಕ್ಕೆ ತಪ್ಪನ್ನ ಅವನ ತಲೆಗೆ ಕಟ್ಟಿದೆ. ಹಗುರ ಆಯ್ತು. ನನಗೆ.”

“ಈಗ್ಲೂ ಸಿಟ್ಟಿದೆಯಾ?” ತಂಗಿ ಕೇಳಿದಳು. ದವಡೆ ಕೈಯಲ್ಲಿ ಇಲ್ಲ ಎಂಬುದು ಯಾರಿಗೂ ನೆನಪಾಗಲಿಲ್ಲ.

ಅಕ್ಕ ಪ್ರಾಮಾಣಿಕವಾಗಿ ಯೋಚಿಸಿದಳು. “ಸ್ವಲ್ಪ ಇದೆ. ಮಳೆ ಬಂದ್ರೆ ಹಳೇ ಪೆಟ್ಟು ನೋಯುತ್ತಲ್ಲ, ಅಷ್ಟು.”

“ಇರ್ಲಿ,” ಎಂದಳು ತಂಗಿ. ಅವಳ ಕಣ್ಣು ತುಂಬಿತ್ತು, ಮುಖದಲ್ಲಿ ಮಾತ್ರ ಹೊರೆ ಇಳಿಸಿದವರ ನಿರಾಳ. “ಅಷ್ಟು ಇರ್ಲಿ.”

“ನೀನೇ ಮಾಡಿದ್ದು.”

“ಹೂಂ.”

“ಬೇಕೂಂತ ಮಾಡಿದ್ದು. ದರಿದ್ರದವಳೇ.”

“ಹೂಂ ಅಕ್ಕ.”

“ಕ್ಷಮಿಸಿದೀನಿ. ಏನು, ಹೇಳ್ಬೇಕಾ ಇದನ್ನೆಲ್ಲ, ಇಷ್ಟು ಜನರ ಮುಂದೆ?”

“ಹೇಳ್ಬೇಕು.”

“ಹೇಳಿದ್ನಲ್ಲ.”

“ಒಂದು ಸಲ ಹೇಳಿದ್ರೆ ಜನಕ್ಕೆ ಕೇಳ್ಸಲ್ಲ ಅಕ್ಕ, ಎರಡು ಸಲ ಹೇಳ್ಬೇಕು. ನಮ್ಮ ಕೆಲಸದಲ್ಲಿ ಹಾಗೇ.”

“ಕ್ಷಮಿಸಿದೀನಿ ಕಣೆ!” ಎಂದು ಅಕ್ಕ ಗದರಿದಳು. ಯಾರನ್ನಾದರೂ ಅಷ್ಟು ಜೋರಾಗಿ ಕ್ಷಮಿಸಿದ್ದನ್ನು ಆ ಕಟ್ಟಡ ಅದುವರೆಗೆ ಕೇಳಿರಲಿಲ್ಲ. ತಂಗಿ ನಗುತ್ತ ಅಳುತ್ತ ಅವಳ ಪಕ್ಕದಲ್ಲಿ ಕೂತಳು, ಕಿಟಕಿಯ ಬಳಿ ಇದ್ದ ತನ್ನ ಚೀಲವನ್ನೂ ತರಿಸಿಕೊಂಡಳು.

ಲೈಬ್ರರಿ ಮೇಡಂ ಅಧ್ಯಕ್ಷತೆ ಎಂಬುದು ಇಂಥ ಹೊತ್ತಿಗೇ ಇರುವುದೆಂದು ನಂಬಿದವರು. ಗಂಟಲು ಸರಿಮಾಡಿಕೊಂಡು ನಿರ್ಣಯವನ್ನು ಮತಕ್ಕೆ ಹಾಕಿದರು. ಸಂಜೆರಾಯ ಕೊಂದದ್ದು ನಿಜ: ಒಮ್ಮತ, ಅಕ್ಕ ತನ್ನ ದವಡೆ ಮತ್ತು ಕುತ್ತಿಗೆಯನ್ನು ಬಟ್ಟೆಯಲ್ಲಿ ಸುತ್ತಿಟ್ಟು ತಾನೂ ಕೈ ಎತ್ತಿದಳು. ಅವನು ಬದಲಾದದ್ದು ನಿಜ: ಬಹುಮತ. ಕ್ಷಮೆ ಕೊಡುವ ಹಕ್ಕು ದೀಪದ ಹುಡುಗಿಯದು, ಬಳಗದ್ದಲ್ಲ: ಇದನ್ನು ತಂಗಿ ಸೇರಿಸಿದಳು, ಒಪ್ಪಿಗೆಯಾಯಿತು. ಕೊಟ್ಟರೆ ಮದುವೆಯಾಗಬಹುದು: ಎಲ್ಲರೂ ಹೌದೆಂದರು, ಒಸಡಿನ ಕಾರಣಕ್ಕೆ ಪಾಲಿಶಣ್ಣನೊಬ್ಬನ ವಿರೋಧ.

“ಬೇರೆ ವಿಷಯ ಯಾರದಾದ್ರೂ ಇದೆಯಾ?” ಎಂದು ಮೇಡಂ ವಾಡಿಕೆಯಂತೆ ಕೇಳಿದರು.

ಬಾಗಿಲ ಬಳಿ ಲಿಫ್ಟಣ್ಣ ಎದ್ದು ನಿಂತ. ಬಳಗಕ್ಕೆ ಸೇರಿದ ಮೇಲೆ ಅವನು ಬಾಯಿ ಬಿಟ್ಟದ್ದು ಇದೇ ಮೊದಲು.

“ನಂದೊಂದು ಹಳೇ ಪ್ರಶ್ನೆ ಬಾಕಿ ಇತ್ತು.”

“ಧಾರಾವಾಹಿಗೆ ಸಂಬಂಧಪಟ್ಟಿದ್ದಾ?”

“ಗೊತ್ತಿಲ್ಲ ಮೇಡಂ. ಅವರನ್ನೇ ಕೇಳ್ಬೇಕು.” ಅವನು ತಂಗಿಯ ಕಡೆ ನೋಡಿದ. ಕಿವಿಯ ತನಕ ಕೆಂಪಾಗಿದ್ದ. ಹತಾರದ ಚೀಲ ಕೈಯಿಂದ ಜಾರಿ ಸದ್ದು ಮಾಡುತ್ತ ಬಿತ್ತು, ಎತ್ತಿಕೊಳ್ಳಲಿಲ್ಲ.

ತಂಗಿ ಅಕ್ಕನ ಕಡೆ ತಿರುಗಿದಳು. “ನಾನು ಹೋದ್ರೆ ನೀನು ಮನೇಲಿ ಒಬ್ಬಳೇ ಆಗ್ತೀಯ.”

“ಆಗ್ತೀನಿ,” ಎಂದಳು ಅಕ್ಕ. “ಕಷ್ಟ ಆಗುತ್ತೆ. ಆಗಲಿ. ನೀನೇನು ಸಮುದ್ರ ದಾಟಿ ಹೋಗ್ತಿದೀಯಾ? ಬಸ್ಸಿದೆ. ಯಾವುದು ತಡ ಅಂತ ನಿನ್ನನ್ನೇ ಕೇಳ್ತೀನಿ.”

ತಂಗಿ ಎದ್ದು ನಿಂತು, ಬಾಗಿಲ ಕಡೆಗೆ, “ಒಪ್ಪಿದೀನಿ ರೀ. ಕೂತ್ಕೊಳ್ಳಿ ಈಗ, ಎಲ್ಲರೂ ನೋಡ್ತಿದಾರೆ” ಎಂದಳು.

ಅವನು ಕೂತ. ಕುರ್ಚಿ ಇರುವ ಕಡೆಯೇ ಕೂತ ಎಂಬುದು ಅವನ ಅದೃಷ್ಟ. ಪಾಲಿಶಣ್ಣ ಎಲ್ಲರಿಗೂ ಚಹಾ ಮಾಡಿದ; ಅದು ಅಷ್ಟೇನೂ ಚೆನ್ನಾಗಿರಲಿಲ್ಲ.

ಕೊನೆಯ ಸಂಚಿಕೆಯಲ್ಲಿ ದೀಪದ ಹುಡುಗಿ ಸಂಜೆರಾಯನನ್ನು ಮದುವೆ ಆಗುವುದಿಲ್ಲ ಎಂದಳು. ಮುಂದಿನ ತಿಂಗಳು ತಂಗಿ ಮತ್ತು ಲಿಫ್ಟಣ್ಣನ ಮದುವೆ ನೋಂದಣಿ ಕಚೇರಿಯಲ್ಲಿ ನಡೆಯಿತು. ಸಾಕ್ಷಿಯಾಗಿ ಅಕ್ಕ ಸಹಿ ಮಾಡಿದಳು.